ಫೌಂಡ್ರಿ ಹೊಗಿ, ಖಡಿ ಮಷೀನಿನ ಧೂಳ: ಎಕ್ಯುಐ ಫೋಟೊ ಹಚ್ಚಿ ಅರ್ಜಿ ಕೊಟ್ರ ನಡೀತದೇನು?

ಗೋಕುಲರೋಡ್_ಗಾಳಿ

ಹುಬ್ಬಳ್ಳಿ ಕಡೆ, ಕೈಗಾರಿಕಾ ಪ್ರದೇಶಕ್ಕ ಹತ್ತಿಕೊಂಡ ಬಡಾವಣಿ. ಬೇಲಿ ಆಚೆ ಒಂದು ಕ್ಯುಪೊಲಾ (ಕೋಕ್ ಸುಟ್ಟು ಕಬ್ಬಿಣ ಕರಗಿಸೂ ಎತ್ತರದ ಭಟ್ಟಿ) ಫೌಂಡ್ರಿ, ರಾತ್ರಿ ಹೊಗಿ ಜೋರು. ಸ್ವಲ್ಪ ದೂರದಾಗ ಖಡಿ ಮಷೀನು, ಕಲ್ಲು ಒಡದು ಜಲ್ಲಿ ಮಾಡೂದು. ನಡುವ ಅಗದು ಹಂಗ ಬಿಟ್ಟ ರಸ್ತೆ. ನಿವಾಸಿಗಳ ಸಂಘದಿಂದ ಅರ್ಜಿ ಹಾಕೂದೈತಿ. ಕೈಯಾಗಿರೂದು ಮೊಬೈಲ್ ಆ್ಯಪಿನ ಎಕ್ಯುಐ (ವಾಯು ಗುಣಮಟ್ಟ ಸೂಚ್ಯಂಕ) ಸ್ಕ್ರೀನ್‌ಶಾಟ್ 40, ವಿಡಿಯೊ 6. ಎಕ್ಯುಐ ಬಹಳಷ್ಟು ದಿನ 85-95 ತೋರಸ್ತೈತಿ, ಕೆಳಗ "ತೃಪ್ತಿಕರ" ಅಂತ ಬರದಿರ್ತೈತಿ. ಇಷ್ಟರ ಮ್ಯಾಲ ಅರ್ಜಿ ನಿಲ್ತೈತೇನು? ಯಾವ ಕಾಯ್ದೆ, ಯಾವ ಕಲಂ, ಯಾರ ಮುಂದ? ತಿಳದವ್ರು ಬಿಡಿಸಿ ಹೇಳ್ರಿ.

ವರದಾ_ದಂಡಿ

ಮೊದಲು ಆ "ತೃಪ್ತಿಕರ" ಅನ್ನೂ ಶಬ್ದ ತಲಿಯಿಂದ ತಗೀರಿ. ಎಕ್ಯುಐ ಕಾನೂನಿನ ಮಿತಿ ಅಲ್ಲ. ಮಂದಿಗೆ ಲಗೂನ ತಿಳೀಲಿ ಅಂತ 2015ರಾಗ ಶುರು ಮಾಡಿದ ಬಣ್ಣದ ಪಟ್ಟಿ ಅದು. ಕಾನೂನಿನ ಮಿತಿ ಅಂದ್ರ 2009ರ ನವೆಂಬರ್ 18ಕ್ಕ ಹೊರಟ ರಾಷ್ಟ್ರೀಯ ಪರಿವೇಷ್ಟಕ (ಸುತ್ತಲಿನ) ವಾಯು ಗುಣಮಟ್ಟ ಮಾನದಂಡ. ಅದರಾಗ 12 ಮಾಲಿನ್ಯಕಾರಕ ಅವ. ನಿಮಗ ಬೇಕಾದ್ದು ಎರಡೇ, 10 ಮತ್ತು 2.5 ಮೈಕ್ರಾನಿಗಿಂತ ಸಣ್ಣ ಧೂಳಿನ ಕಣ:

ಪಿಎಂ10: 24 ತಾಸಿನ ಸರಾಸರಿ 100, ವರ್ಷದ ಸರಾಸರಿ 60.
ಪಿಎಂ2.5: 24 ತಾಸಿನ ಸರಾಸರಿ 60, ವರ್ಷದ ಸರಾಸರಿ 40.
ಎಲ್ಲಾ ಒಂದು ಘನಮೀಟರ್ ಗಾಳ್ಯಾಗ ಇಷ್ಟು ಮೈಕ್ರೊಗ್ರಾಂ ಅಂತ ಲೆಕ್ಕ.

ಈಗ ತಮಾಷೆ ನೋಡ್ರಿ. ಎಕ್ಯುಐ 100 ಅನ್ನೂದನ್ನ ಕೂಡಿಸಿದ್ದೇ 24 ತಾಸಿನ ಮಿತಿಗೆ. ಪಿಎಂ10 ವಿಷಯದಾಗ 100ರ ತನಕ ಎಕ್ಯುಐ ಅಂಕಿ ಮತ್ತು ಮೈಕ್ರೊಗ್ರಾಂ ಅಂಕಿ ಎರಡೂ ಒಂದೇ. ಅಂದ್ರ ನಿಮ್ಮ 90, ಪಿಎಂ10ರಿಂದ ಬಂದಿದ್ರ, 90 ಮೈಕ್ರೊಗ್ರಾಂ. ದಿನದ ಮಿತಿ ಒಳಗೇ ಅದ. ವರ್ಷಪೂರ್ತಿ ಹಂಗ ಇದ್ರ ವರ್ಷದ ಮಿತಿಗಿಂತ ಒಂದೂವರೆ ಪಟ್ಟು. 365 ದಿನ "ತೃಪ್ತಿಕರ" ಹಸಿರು ಬಣ್ಣ ತೋರಿಸಿದ ಊರು ಕಾನೂನಿನ ಪ್ರಕಾರ ನಾಪಾಸ್ ಆಗಬಹುದು.

ಹುಬ್ಬಳ್ಳಿ-ಧಾರವಾಡ ನಾಪಾಸ್ ಪಟ್ಟಿಯೊಳಗ ಇದ್ದೇ ಅದ. 2019ರ ಜನವರಿಯೊಳಗ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಊರುಗಳಾಗ ಕರ್ನಾಟಕದ್ದು ನಾಲ್ಕು: ಬೆಂಗಳೂರು, ದಾವಣಗೆರೆ, ಕಲಬುರಗಿ, ನಮ್ಮ ಜೋಡಿ ಊರು. ಮೊದಲ ಗುರಿ 2024ರೊಳಗ ಧೂಳಿನ ಕಣದಾಗ 20ರಿಂದ 30 ಶೇಕಡಾ ಇಳಿಕೆ ಇತ್ತು. ಆಮ್ಯಾಲ 2025-26ರೊಳಗ 40 ಶೇಕಡಾ ಅಂತ ತಿದ್ದಿದ್ರು.

ಧೂಳವಾಡ

ಧಾರವಾಡ ಅಲ್ಲ, ಧೂಳವಾಡ. ನಾಪಾಸ್ ಪಟ್ಟಿ ಬ್ಯಾರೆ ಯಾಕ್ರಿ, ಅಂಗಳದಾಗ ಒಣಗಾಕ ಹಾಕಿದ ಬಿಳಿ ಅಂಗಿ ನೋಡಿದ್ರ ಸಾಕು.

ಕಪ್ಪತಗುಡ್ಡ_ವಕೀಲ

ಪ್ರಶ್ನೆ ಕೇಳಿದವರು ಮೂರು ಬೇರೆ ಬೇರೆ ವಿಷಯಗಳನ್ನು ಒಂದೇ ಚೀಲದಲ್ಲಿ ತುಂಬಿದ್ದಾರೆ. ಸುತ್ತಲಿನ ಗಾಳಿ ಕೆಟ್ಟಿದೆ ಎಂದು ಸಾಬೀತು ಮಾಡಿದರೂ ಅದು ಆ ಫೌಂಡ್ರಿಯ ತಪ್ಪು ಎಂದಾಗುವುದಿಲ್ಲ. "ರಸ್ತೆ ಧೂಳಿನಿಂದ ಬಂದಿರಬಹುದು" ಎಂದರೆ ಅರ್ಜಿ ಅಲ್ಲಿಗೇ ಮುಗಿಯಿತು. ಫೌಂಡ್ರಿಗೆ ತಾಗುವುದು ಅದರ ಚಿಮಣಿಯ ಮಿತಿ ಮತ್ತು ಅದಕ್ಕೆ ಕೊಟ್ಟ ಸಮ್ಮತಿ ಪತ್ರ.

ಮೂಲ ಕಾಯ್ದೆ ವಾಯು (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯ್ದೆ, 1981. 1972ರ ಸ್ಟಾಕ್‌ಹೋಮ್ ಸಮ್ಮೇಳನದ ತೀರ್ಮಾನಗಳನ್ನು ಜಾರಿಗೆ ತರಲು ಸಂಸತ್ತು ಮಾಡಿದ್ದು. ನೀವು ನೆನಪಿಡಬೇಕಾದ ಕಲಂಗಳು ಇಷ್ಟೇ. 21ನೇ ಕಲಂ: ವಾಯು ಮಾಲಿನ್ಯ ನಿಯಂತ್ರಣ ಪ್ರದೇಶದಲ್ಲಿ ಮಂಡಳಿಯ (ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ) ಮುಂಚಿತ ಸಮ್ಮತಿ ಇಲ್ಲದೆ ಕಾರ್ಖಾನೆ ಕಟ್ಟುವಂತಿಲ್ಲ, ನಡೆಸುವಂತಿಲ್ಲ. 22: ಮಂಡಳಿ ಗೊತ್ತು ಮಾಡಿದ ಮಿತಿ ಮೀರಿ ಹೊಗೆ ಬಿಡುವಂತಿಲ್ಲ. 24: ಅಧಿಕಾರಿಗೆ ಒಳಗೆ ಹೋಗುವ ಅಧಿಕಾರ. 26: ಮಾದರಿ ತೆಗೆಯುವ ವಿಧಾನ. 31ಎ: ಮುಚ್ಚಿಸುವ, ಕರೆಂಟು-ನೀರು ಕಡಿಸುವ ಅಧಿಕಾರ, ಇದು 1987ರ ತಿದ್ದುಪಡಿಯಲ್ಲಿ ಬಂತು. ಮಂಡಳಿ ಆದೇಶ ಕೊಟ್ಟರೆ ಹೆಸ್ಕಾಂನವರು ಫ್ಯೂಸ್ ಕೀಳಬೇಕು, ಅಷ್ಟೇ.

ಸಮ್ಮತಿ ಎರಡು ಹಂತದ್ದು: ಕಟ್ಟುವ ಮೊದಲು ಸ್ಥಾಪನಾ ಸಮ್ಮತಿ, ಓಡಿಸುವ ಮೊದಲು ಕಾರ್ಯಾಚರಣೆ ಸಮ್ಮತಿ. ಎರಡನೆಯದರಲ್ಲಿ ಅವಧಿ ಬರೆದಿದ್ದರೆ ನವೀಕರಿಸಬೇಕು. ನಿಮ್ಮ ಇಡೀ ಅರ್ಜಿ ನಿಲ್ಲುವುದು ಈ ಪತ್ರದ ಮೇಲೆ. ಅದರಲ್ಲಿ ಎಷ್ಟು ಟನ್ ಕರಗಿಸಬಹುದು, ಯಾವ ಇಂಧನ, ಚಿಮಣಿ ಎಷ್ಟು ಮೀಟರ್, ಯಾವ ನಿಯಂತ್ರಣ ಸಾಧನ, ಎಷ್ಟು ಮಿಲಿಗ್ರಾಂ ಮಿತಿ, ಎಷ್ಟು ತಿಂಗಳಿಗೊಮ್ಮೆ ಪರೀಕ್ಷೆ, ಎಲ್ಲ ಬರೆದಿರುತ್ತದೆ. 40 ಸ್ಕ್ರೀನ್‌ಶಾಟ್‌ಗಿಂತ ಆ ಪತ್ರದ ಒಂದು ಪ್ರತಿ ಹೆಚ್ಚು ಕೆಲಸ ಮಾಡುತ್ತದೆ.

ಚಿಮಣಿ_ಮಾಪಕ

ವಕೀಲರ ಮಾತಿಗೆ ಅಂಕಿ ಕೂಡಿಸ್ತೇನಿ. ಕ್ಯುಪೊಲಾಕ್ಕ ಪರಿಸರ ಸಂರಕ್ಷಣಾ ನಿಯಮದಾಗ ಮಿತಿ ಹಿಂಗೈತಿ: ತಾಸಿಗೆ 3 ಟನ್ನಿಗಿಂತ ಸಣ್ಣದಾದ್ರ ಕಣದ ಮಿತಿ 450 ಮಿಲಿಗ್ರಾಂ, 3 ಟನ್ ಅಥವಾ ದೊಡ್ಡದಾದ್ರ 150 ಮಿಲಿಗ್ರಾಂ, ಒಂದು ಸಾಮಾನ್ಯ ಘನಮೀಟರಿಗೆ. ಇಂಡಕ್ಷನ್ ಫರ್ನೇಸಿಗೂ (ಕರೆಂಟಿನ ಭಟ್ಟಿ) 150. ಹಂಗಾಗಿ ಸಣ್ಣ ಕ್ಯುಪೊಲಾ ಕಣ್ಣಿಗೆ ಕಪ್ಪಗ ಕಂಡ್ರೂ ಮಿತಿಯೊಳಗೇ ಇರಬಹುದು. ವಿಡಿಯೊದಾಗ ಮಿಲಿಗ್ರಾಂ ಕಾಣೂದಿಲ್ಲ.

ಆದ್ರ ಕಣ್ಣಿಗೆ ಕಾಣೂ ತಪ್ಪೂ ಒಂದೈತಿ. ಕ್ಯುಪೊಲಾದ ಚಿಮಣಿ, ಮಾಲು ಹಾಕೂ ಬಾಗಿಲಿನಿಂದ ಮ್ಯಾಲ ಕ್ಯುಪೊಲಾದ ವ್ಯಾಸದ ಕನಿಷ್ಠ 6 ಪಟ್ಟು ಇರಬೇಕು. 60 ಸೆಂಟಿಮೀಟರ್ ಕ್ಯುಪೊಲಾ ಆದ್ರ ಬಾಗಿಲಿನ ಮ್ಯಾಲ 3.6 ಮೀಟರ್. ಪತ್ರಾಸ್ ಮಾಡಿನಿಂದ ಗೇಣುದ್ದ ಕೊಳವಿ ಹೊರಗ ಬಂದಿದ್ರ ದೂರದಿಂದಲೇ ಗೊತ್ತಾಕ್ಕೈತಿ.

ಚಿಮಣಿ ಎತ್ತರದ ಬ್ಯಾರೆ ಎರಡು ಲೆಕ್ಕ ಇಲ್ಲಿ ಬರದಿಡ್ತೇನಿ, ಯಾರಿಗರೆ ಬೇಕಾಗ್ತೈತಿ.

ಕಲ್ಲಿದ್ದಲು ಅಥವಾ ಎಣ್ಣಿ ಸುಡೂ ಕಡೆ: ತಾಸಿಗೆ ಎಷ್ಟು ಕೆಜಿ ಗಂಧಕದ ಡೈಆಕ್ಸೈಡ್ ಬೀಳ್ತೈತೋ ಅದರ 0.3ನೇ ಘಾತ ತಗೊಂಡು 14ರಿಂದ ಗುಣಿಸಬೇಕು. ತಾಸಿಗೆ 1,000 ಕೆಜಿ ಕಲ್ಲಿದ್ದಲು, ಅದರಾಗ ಗಂಧಕ 0.5 ಶೇಕಡಾ ಅಂದ್ರ ಗಂಧಕ 5 ಕೆಜಿ, ಸುಟ್ಟ ಮ್ಯಾಲ ಅದು ಇಮ್ಮಡಿ ತೂಕ, 10 ಕೆಜಿ. 10ರ 0.3ನೇ ಘಾತ ಸುಮಾರು 2. ಚಿಮಣಿ 28 ಮೀಟರ್.

ಡೀಸೆಲ್ ಜನರೇಟರ್: ಕಟ್ಟಡದ ಎತ್ತರದ ಮ್ಯಾಲ, ಕೆವಿಎ ವರ್ಗಮೂಲದ 0.2 ಪಟ್ಟು. 125 ಕೆವಿಎ ಸೆಟ್, ಕಟ್ಟಡ 9 ಮೀಟರ್: ವರ್ಗಮೂಲ 11.2, ಅದರ 0.2 ಅಂದ್ರ 2.24. ಒಟ್ಟು 11.24 ಮೀಟರ್. ಕಲ್ಯಾಣ ಮಂಟಪದವ್ರು ಹೊಗಿ ಕೊಳವಿ ಪಕ್ಕದ ಮನಿ ಖಿಡಕಿ ಕಡೆ ಹೊಳ್ಳಿಸಿರ್ತಾರಲ್ಲ, ಅಲ್ಲಿ ಈ ಲೆಕ್ಕ ಹಿಡ್ಕೊಂಡು ಹೋಗ್ರಿ.

ಗೋಕುಲರೋಡ್_ಗಾಳಿ

ಬಾಳ ಉಪಕಾರ ಆತ್ರಿ. ಆದ್ರ ಅವರ ಕಡೆ ಖಾಸಗಿ ಲ್ಯಾಬಿನ ರಿಪೋರ್ಟು ಇದ್ದೇ ಇರ್ತಾವು, ಎಲ್ಲಾ ಮಿತಿಯೊಳಗ ಅಂತ. ಅದನ್ನ ಎದುರಿಸೂದು ಹೆಂಗ?

ಚಿಮಣಿ_ಮಾಪಕ

ರಿಪೋರ್ಟಿನ ಕಡೀ ಸಾಲು ನೋಡಬ್ಯಾಡ್ರಿ. ನಡುವಿನ ಸಾಲು ಓದ್ರಿ. ಬಾಯ್ಲರ್, ಭಟ್ಟಿಯಂಥಾ ಇಂಧನ ಸುಡೂ ಚಿಮಣಿಯೊಳಗ ಹೊರಗಿನ ಗಾಳಿ ಬೆರಸಿದ್ರ ಮಿಲಿಗ್ರಾಂ ತಾನಾಗೇ ಇಳೀತೈತಿ. ಹೊಗಿ ಅಷ್ಟೇ, ಗಾಳಿ ಜಾಸ್ತಿ. ಈ ಆಟ ನಡೀಬಾರದಂತ ಅಳತಿಯನ್ನ 12 ಶೇಕಡಾ ಇಂಗಾಲದ ಡೈಆಕ್ಸೈಡಿಗೆ ಸರಿಪಡಿಸ್ತಾರ. ಉದಾಹರಣೆಗೆ ಬಾಯ್ಲರ್ ರಿಪೋರ್ಟಿನಾಗ ಕಣ 120 ಮಿಲಿಗ್ರಾಂ, ಮಿತಿ 150, "ಮಿತಿಯೊಳಗೈತಿ" ಅಂತ ಬರದಿರ್ತೈತಿ. ಮ್ಯಾಲಿನ ಸಾಲಿನಾಗ ಡೈಆಕ್ಸೈಡ್ 6 ಶೇಕಡಾ ಅಂತಿರ್ತೈತಿ. ಸರಿಪಡಿಸಿದ್ರ 120ನ್ನ 12ರಿಂದ ಗುಣಿಸಿ 6ರಿಂದ ಭಾಗಿಸಬೇಕು: 240. ನಾಪಾಸ್.

ಎರಡನೇದು, ಸಮವೇಗ. ಚಿಮಣಿಯೊಳಗ ಅನಿಲ ಎಷ್ಟು ವೇಗದಾಗ ಹೊಂಟೈತೋ ಅಷ್ಟ ವೇಗದಾಗ ನಳಿಗಿ ಹೀರಬೇಕು, 10 ಶೇಕಡಾ ಹೆಚ್ಚುಕಡಿಮಿ ನಡೀತೈತಿ. ಪಂಪ್ ಜೋರು ಮಾಡಿದ್ರ ಸುತ್ತಲ ಅನಿಲ ಒಳಗ ಸೆಳೀತೈತಿ, ಆದ್ರ ತೂಕದ ಕಣ ತಿರುವು ತಗೊಳ್ಳದ ನೆಟ್ಟಗ ಹೋಗಿಬಿಡ್ತಾವ. ರಿಪೋರ್ಟ್ ಕಡಿಮಿ ಬರ್ತೈತಿ. ಪಂಪ್ ನಿಧಾನ ಆದ್ರ ಉಲ್ಟಾ, ಜಾಸ್ತಿ ಬರ್ತೈತಿ. ಸಮವೇಗದ ಶೇಕಡಾವಾರು ರಿಪೋರ್ಟಿನಾಗ ಇಲ್ಲಂದ್ರ ಕೇಳ್ರಿ.

ಮೂರನೇದು, ತೂತು ಎಲ್ಲೈತಿ. ಬಾಗು, ಫ್ಯಾನ್ ಇಂಥಾದ್ದರಿಂದ ಚಿಮಣಿ ವ್ಯಾಸದ 8 ಪಟ್ಟು ಮುಂದ, ತುದಿಯಿಂದ 2 ಪಟ್ಟು ಹಿಂದ ಇರಬೇಕು. ಬಾಗಿನ ಪಕ್ಕದಾಗ ತೂತು ಕೊರದಿದ್ರ ಅಲ್ಲಿ ಅನಿಲ ಸುಳಿ ಹೊಡೀತಿರ್ತೈತಿ, ಯಾವ ಅಂಕಿನೂ ನಂಬಾಕಾಗೂದಿಲ್ಲ. ಭದ್ರ ಏಣಿ, ನಿಲ್ಲಾಕ ಕಟ್ಟಿ ಇಲ್ಲದ ಚಿಮಣಿಗೆ "ಮಾಪನ ಮಾಡೇವಿ" ಅಂತ ರಿಪೋರ್ಟ್ ಬಂದಿದ್ರ ಯಾರು ಎಲ್ಲಿ ನಿಂತು ಮಾಡಿದ್ರು ಅಂತ ಕೇಳೂ ಹಕ್ಕು ನಿಮಗೈತಿ.

ಹಂಗ ಸಮಯ. ಭಟ್ಟಿಗೆ ಮಾಲು ಹಾಕೂ ಹೊತ್ತು, ಮಣ್ಣು-ಕಿಟ್ಟ ತಗಿಯೂ ಹೊತ್ತು ಹೊಗಿ ಜಾಸ್ತಿ. ಕರಗಿದ ಲೋಹ ಸುಮ್ಮನ ಹಿಡದಿಟ್ಟಾಗ ಮಾದರಿ ತಗದ್ರ ಬಿಳಿ ಕಾಗದ ಬಿಳೇನೇ ಹೊರಗ ಬರ್ತೈತಿ.

ಬ್ಯಾಗ್‌ಫಿಲ್ಟರ್_ಬಸು

ಕಾರ್ಖಾನಿ ಒಳಗಿನ ಮಾತು ಹೇಳ್ತೀನಿ, ಯಾರೂ ಸಿಟ್ಟಾಗಬ್ಯಾಡ್ರಿ. ಸಾಧನ ಹಚ್ಚದ ಕಾರ್ಖಾನಿ ಈಗ ಕಡಿಮಿ. ಹಚ್ಚಿ ಓಡಸದ ಕಾರ್ಖಾನಿ ಭಾಳ. ಕರೆಂಟ್ ಬಿಲ್ಲಿನ ಸಲುವಾಗಿ ರಾತ್ರಿ ಫ್ಯಾನ್ ಬಂದ್, ಇಲ್ಲಾ ಬೈಪಾಸ್ ಡ್ಯಾಂಪರ್ (ಹೊಗಿ ಸಾಧನ ಬಿಟ್ಟು ನೇರ ಹೋಗೂ ಕಿಂಡಿ) ತಗದಿರ್ತಾರ. ನಿಮ್ಮ ಕಡೆ ರಾತ್ರಿ ಅಷ್ಟ ಹೊಗಿ ಅಂದ್ರ ಮೊದಲ ಸಂಶಯ ಇದ.

ಹಿಡಿಯೂದು ಹೆಂಗ? ಬಹಳಷ್ಟು ಸಮ್ಮತಿ ಪತ್ರದಾಗ "ಮಾಲಿನ್ಯ ನಿಯಂತ್ರಣ ಸಾಧನಕ್ಕ ಪ್ರತ್ಯೇಕ ಮೀಟರ್, ದಿನಚರಿ ಪುಸ್ತಕ" ಅಂತ ಷರತ್ತಿರ್ತದ. 20 ಎಚ್‌ಪಿ ಫ್ಯಾನ್ ಅಂದ್ರ ಸುಮಾರು 15 ಕಿಲೊವ್ಯಾಟ್. 80 ಶೇಕಡಾ ಹೊರಿ ಹಿಡಿದ್ರೂ ತಾಸಿಗೆ 12 ಯೂನಿಟ್. ದಿನಕ್ಕ 16 ತಾಸು ಭಟ್ಟಿ ನಡಿಸಿದ್ರ 190 ಯೂನಿಟ್ ಬರಬೇಕು. ಪುಸ್ತಕದಾಗ 16 ತಾಸು ಬರದು, ಮೀಟರ್ ತಿಂಗಳಿಗೆ 1,500 ಯೂನಿಟ್ ತೋರಿಸಿದ್ರ ಫ್ಯಾನ್ ಎಷ್ಟು ದಿನ ತಿರುಗೇದ ನೀವ ಲೆಕ್ಕ ಹಾಕ್ರಿ. ಎಂಟು ದಿನ. ತಪಾಸಣೆಗೆ ಬಂದವ್ರಿಗೆ ಈ ಮೀಟರ್ ರೀಡಿಂಗ್ ಬರಕೊಳ್ರಿ ಅಂತ ಅರ್ಜಿಯೊಳಗನ ಕೇಳಬೇಕು.

ಇನ್ನೊಂದು, ಬ್ಯಾಗ್ ಫಿಲ್ಟರಿನ (ಹೊಗಿ ಸೋಸೂ ಬಟ್ಟಿ ಚೀಲ) ಹಿಂದ-ಮುಂದ ಒತ್ತಡದ ವ್ಯತ್ಯಾಸ. ಗಾಜಿನ ಕೊಳವಿಯಾಗ ನೀರು ಏರಿಳಿದಿದ್ದು ಕಾಣ್ತದ. 100ರಿಂದ 150 ಮಿಲಿಮೀಟರ್ ನೀರು ಅಂದ್ರ ಆರೋಗ್ಯ ಛಲೋ. ಸೊನ್ನಿ ಹತ್ತಿರ ಇದ್ರ ಚೀಲ ಹರದದ ಅಥವಾ ಬೈಪಾಸ್ ತಗದದ. 200 ದಾಟಿದ್ರ ಚೀಲ ಕಟ್ಟಿಕೊಂಡದ, ಹುಡ್ (ಭಟ್ಟಿ ಮ್ಯಾಲಿನ ಹೊಗಿ ಹಿಡಿಯೂ ಟೊಪ್ಪಿಗಿ) ಹೀರೂದಿಲ್ಲ, ಹೊಗಿ ಚಿಮಣಿಗೆ ಹೋಗೂ ಬದಲು ಮಾಡಿನ ಸಂದಿಯಿಂದ ಹೊರಬೀಳ್ತದ. ಆವಾಗ ಚಿಮಣಿ ಮಾಪನ ಮಾಡಿದ್ರ ಪಾಸ್! ಇಂಡಕ್ಷನ್ ಫರ್ನೇಸಿನ ಹೊಗಿ ಮೊದಲು ಹಿಡದು ಆಮ್ಯಾಲ ಚಿಮಣಿಗೆ ಬಿಡಬೇಕಂತ ನಿಯಮದಾಗ ಬರದದ್ದು ಇದಕ್ಕ.

ಪಾಲಿಯೆಸ್ಟರ್ ಚೀಲ 130 ಡಿಗ್ರಿ ದಾಟಿದ್ರ ಸುಟ್ಟು ಹೋಗ್ತಾವ. ಅನಿಲ ಭಾಳ ತಣ್ಣಗಾದ್ರ ಹಬೆ ನೀರಾಗಿ ಧೂಳ ಕೆಸರಾಗ್ತದ. ಎರಡೂ ಕಡೆ ಸುಖ ಇಲ್ಲ. ನೀರಿನ ಸ್ಕ್ರಬ್ಬರ್ (ನೀರು ಚಿಮ್ಮಿಸಿ ಹೊಗಿ ತೊಳಿಯೂ ಸಾಧನ) ಇದ್ದಲ್ಲಿ ನಾಜಲ್ ಕಟ್ಟೂದೇ ದೊಡ್ಡ ರೋಗ. ಪಂಪ್ ತಿರುಗ್ತಿರ್ತದ, ನೀರು ಒಂದ ಮೂಲಿಯಿಂದ ಸುರೀತಿರ್ತದ.

ಧೂಳವಾಡ

ಇಷ್ಟೆಲ್ಲಾ ಮಾಡಿ ಏನ್ರಿ ಬಂತು? 2023ರಾಗ ಜನ ವಿಶ್ವಾಸ ಕಾಯ್ದೆ ತಂದು ಜೈಲು ಶಿಕ್ಷಾ ತಗದಾರ. ಮೊದಲರ ಒಂದೂವರೆ ವರ್ಷದಿಂದ ಆರು ವರ್ಷ ಇತ್ತು. ಈಗ ದಂಡ ಕಟ್ಟು, ಹೊಗಿ ಬಿಡು. ಹಲ್ಲಿಲ್ಲದ ಹಾವು.

ಕಪ್ಪತಗುಡ್ಡ_ವಕೀಲ

ಅರ್ಧ ಸರಿ, ಅರ್ಧ ತಪ್ಪು. ಜೈಲು ಪುಸ್ತಕದಲ್ಲಿತ್ತು. ಅದಕ್ಕೆ ಮಂಡಳಿ ನ್ಯಾಯಾಲಯದಲ್ಲಿ ದೂರು ಹೂಡಬೇಕಿತ್ತು, ಕ್ರಿಮಿನಲ್ ಪ್ರಕರಣದಷ್ಟೇ ಬಿಗಿಯಾದ ಸಾಕ್ಷ್ಯ ಬೇಕಿತ್ತು. 26ನೇ ಕಲಂ ಪ್ರಕಾರ ಮಾದರಿ ತೆಗೆಯುವ ಮುಂಚೆ ಮಾಲೀಕನಿಗೆ ನೋಟಿಸ್, ಅವನ ಅಥವಾ ಅವನ ಕಡೆಯವನ ಎದುರು ಮಾದರಿ, ಡಬ್ಬಿಗೆ ಮೊಹರು, ಇಬ್ಬರ ಸಹಿ, ತಡವಿಲ್ಲದೆ ಪ್ರಯೋಗಾಲಯಕ್ಕೆ ರವಾನೆ. ಇದರಲ್ಲಿ ಒಂದು ತಪ್ಪಿದರೂ ಆ ವಿಶ್ಲೇಷಣೆ ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ.

2024ರ ಏಪ್ರಿಲ್ 1ರಿಂದ ಚಿತ್ರ ಬೇರೆ. ಮಿತಿ ಮೀರಿದರೆ ಅಥವಾ 31ಎ ಆದೇಶ ಮುರಿದರೆ 10,000ದಿಂದ 15 ಲಕ್ಷ ರೂಪಾಯಿವರೆಗೆ ದಂಡ. ಮುಂದುವರಿಸಿದರೆ ದಿನಕ್ಕೆ 10,000 ಹೆಚ್ಚುವರಿ. ತೀರ್ಮಾನಿಸುವುದು ನ್ಯಾಯನಿರ್ಣಯ ಅಧಿಕಾರಿ: ಕೇಂದ್ರದ ಜಂಟಿ ಕಾರ್ಯದರ್ಶಿ ಅಥವಾ ರಾಜ್ಯದ ಕಾರ್ಯದರ್ಶಿ ದರ್ಜೆಗೆ ಕಡಿಮೆ ಇಲ್ಲದವರು. 2024ರ ನವೆಂಬರ್‌ನ ನಿಯಮಗಳ ಪ್ರಕಾರ ಮಂಡಳಿಯೇ ಆಗಬೇಕೆಂದಿಲ್ಲ, ಯಾರು ಬೇಕಾದರೂ ನಮೂನೆ 1ರಲ್ಲಿ ಅವರಿಗೆ ದೂರು ಕೊಡಬಹುದು. ಅವರ ಆದೇಶದ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ (ಪರಿಸರ ಮೊಕದ್ದಮೆಗಳ ವಿಶೇಷ ನ್ಯಾಯಮಂಡಳಿ) ಹೋಗುವ ಮಾಲೀಕ ದಂಡದ 10 ಶೇಕಡಾ ಠೇವಣಿ ಇಡಬೇಕು. ದಂಡ ಕಟ್ಟದಿದ್ದರೆ ಅಲ್ಲಿ ಜೈಲು ಈಗಲೂ ಇದೆ, 3 ವರ್ಷದವರೆಗೆ.

ಇದರ ಹೊರತಾಗಿ ಪರಿಸರ ಪರಿಹಾರ ಬೇರೆ. ಕೇಂದ್ರ ಮಂಡಳಿಯ ಸೂತ್ರದಲ್ಲಿ ಐದು ಅಂಕಿಗಳ ಗುಣಾಕಾರ: ಮಾಲಿನ್ಯ ಸೂಚ್ಯಂಕ (ಹೆಚ್ಚು ಮಾಲಿನ್ಯದ ಕೆಂಪು ವರ್ಗಕ್ಕೆ 80, ಮಧ್ಯಮದ ಕಿತ್ತಳೆಗೆ 50, ಕಡಿಮೆಯ ಹಸಿರಿಗೆ 30), ಉಲ್ಲಂಘನೆಯ ದಿನಗಳು, ಘಟಕದ ಗಾತ್ರ (ಸಣ್ಣದಕ್ಕೆ 0.5, ಮಧ್ಯಮಕ್ಕೆ 1, ದೊಡ್ಡದಕ್ಕೆ 1.5), ರೂಪಾಯಿ ಅಂಶ (ಸಾಮಾನ್ಯವಾಗಿ 250), ಊರಿನ ಜನಸಂಖ್ಯೆಯ ಅಂಶ. 10 ಲಕ್ಷದೊಳಗಿನ ಊರಿಗೆ ಈ ಕೊನೆಯ ಅಂಶ 1, ಅದರ ಮೇಲಾದರೆ 1.25. ಕಿತ್ತಳೆ ವರ್ಗದ ಸಣ್ಣ ಘಟಕ 30 ದಿನ ತಪ್ಪು ಮಾಡಿದರೆ 50 × 30 × 0.5 × 250 × 1, ಅಂದರೆ 1,87,500 ರೂಪಾಯಿ. ದಿನಕ್ಕೆ 5,000ಕ್ಕಿಂತ ಕಡಿಮೆ ಆಗುವಂತಿಲ್ಲ. 2011ರ ಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ 9.43 ಲಕ್ಷ. ಗೆರೆಯ ಕೆಳಗೆ ಕೂದಲೆಳೆಯಲ್ಲಿ ನಿಂತಿದ್ದೇವೆ.

ಮಂಡಳಿಗೆ ಹೀಗೆ ಪರಿಹಾರ ಹೇರುವ ಅಧಿಕಾರ ಇದೆಯೇ ಎಂಬ ಜಗಳವನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 4ರಂದು ಮುಗಿಸಿತು: 31ಎ ಅಡಿಯಲ್ಲಿ ಇದೆ.

ಧೂಳವಾಡ

ನ್ಯಾಯನಿರ್ಣಯ ಅಧಿಕಾರಿ ಕೂತಿರೂದು ಬೆಂಗಳೂರಾಗ. 1,87,500 ಒಬ್ಬ ಸಾಹುಕಾರಗ ಎರಡು ದಿನದ ಡೀಸೆಲ್. ನನ್ನ ಮಾತು ವಾಪಸ್ ತಗೊಳ್ಳೂದಿಲ್ಲ.

ಬ್ಯಾಗ್‌ಫಿಲ್ಟರ್_ಬಸು

ಸಾಹುಕಾರ ಹೆದರೂದು ದಂಡಕ್ಕಲ್ಲ, ಕರೆಂಟ್ ಕಡಿಯೂದಕ್ಕ. ಇಂಡಕ್ಷನ್ ಫರ್ನೇಸಿನಾಗ ಲೋಹ ಇದ್ದಾಗ ಕರೆಂಟ್ ಹೋದ್ರ ಒಳಗ ಹೆಪ್ಪುಗಟ್ಟಿ ಲೈನಿಂಗ್ ಸಮೇತ ಕಿತ್ತು ಒಗೀಬೇಕು. 31ಎ ನೋಟಿಸ್ ಮುಟ್ಟಿದ ವಾರದಾಗ ಚೀಲ ಬದಲಾಗ್ತಾವ.

ಹಾವೇರಿ_ಇಟ್ಟಂಗಿ

ಖಡಿ ಮಷೀನಿನ ಬಗ್ಗೆ ಯಾರೂ ಬರೀಲಿಲ್ಲ. ಅದಕ್ಕ ಚಿಮಣಿ ಇರೂದಿಲ್ಲ, ಹಂಗಾಗಿ ನಿಯಮ ಬ್ಯಾರೆ: ಯಂತ್ರದಿಂದ 3ರಿಂದ 10 ಮೀಟರ್ ದೂರದಾಗ ಅಳದ್ರ ತೇಲೂ ಧೂಳ 600 ಮೈಕ್ರೊಗ್ರಾಂ ದಾಟಬಾರದು. ಜೋಡಿ ಐದು ಕೆಲಸ ಕಡ್ಡಾಯ: ಧೂಳ ಮುಚ್ಚೂ-ಅಡಗಿಸೂ ವ್ಯವಸ್ಥೆ, ಗಾಳಿ ತಡಿ ಗೋಡಿ, ಆವರಣದೊಳಗ ಗಟ್ಟಿ ರಸ್ತೆ, ನೆಲ ಗುಡಿಸಿ ನೀರು ಹೊಡಿಯೂದು, ಸುತ್ತ ಗಿಡದ ಪಟ್ಟಿ. ಈ ಐದನ್ನ ಹೊರಗ ನಿಂತ ಟಿಕ್ ಹಾಕಬಹುದು, ಯಂತ್ರ ಬೇಕಾಗಿಲ್ಲ. ವಿಡಿಯೊ ಕೆಲಸಕ್ಕ ಬರೂದು ಇಲ್ಲೇ ನೋಡ್ರಿ.

ಎಲ್ಲಿ ತಪ್ಪತೈತಿ ಅಂದ್ರ ನೀರಿನಾಗ. ಕಲ್ಲು ದವಡಿಗೆ ಬೀಳೂಕಿಂತ ಮೊದಲ ತೋಯಿಸಬೇಕು. ಒಡದ ಮ್ಯಾಲ ನೀರು ಹೊಡದ್ರ ಧೂಳ ಆಗಲೇ ಹಾರಿ ಹೋಗಿರ್ತೈತಿ. ಬೋರಿನ ಸವಳ ನೀರಿಗೆ ನಾಜಲ್ ಕಟ್ಟತಾವ. ನೀರು ಜಾಸ್ತಿ ಆದ್ರ ಜರಡಿ ಕಣ್ಣು ಮುಚ್ಚತಾವ, ಪುಡಿ ಕೆಳಗ ಇಳಿಯೂದಿಲ್ಲ. ಆಪರೇಟರ್ ವಾಲ್ವ್ ಬಂದ್ ಮಾಡ್ತಾನ. ಧೂಳ ಭಾಳ ಹಾರೂದು ಬೆಲ್ಟಿನ ತುದಿಯಿಂದ ಗುಂಪಿ ಮ್ಯಾಲ ಬೀಳೂ ಕಡೆ. ಆ ಎತ್ತರ ಇಳಿಸಿ, ಬಾಯಿಗೆ ರಬ್ಬರ್ ಪರದಿ ಕಟ್ಟಿದ್ರ ಅರ್ಧ ತ್ರಾಸ ಕಡಿಮಿ.

ಪರವಾನಗಿ ಬ್ಯಾರೆ ಕಾಯ್ದೆ, ಕರ್ನಾಟಕದ 2011ರ ಕಲ್ಲು ಪುಡಿ ಘಟಕಗಳ ನಿಯಂತ್ರಣ ಕಾಯ್ದೆ. ಅದರ ಅರ್ಜಿ ಜಿಲ್ಲಾಧಿಕಾರಿಗೆ, ಒಂದು ಪ್ರತಿ ಮಂಡಳಿಗೆ.

ಇಟ್ಟಂಗಿ ಭಟ್ಟಿ ಇದ್ದವ್ರಿಗೂ ಒಂದು ಮಾತು. 2022ರ ಫೆಬ್ರುವರಿ ಅಧಿಸೂಚನೆ ಪ್ರಕಾರ ಕಣದ ಮಿತಿ 250 ಮಿಲಿಗ್ರಾಂ, ವಸ್ತಿ ಮತ್ತು ಹಣ್ಣಿನ ತ್ವಾಟದಿಂದ 800 ಮೀಟರ್ ದೂರ. ಟೈರ್, ಪ್ಲಾಸ್ಟಿಕ್, ಪೆಟ್‌ಕೋಕ್ ಸುಡೂಹಂಗಿಲ್ಲ. ನಾಪಾಸ್ ಪಟ್ಟಿಯ ಊರಿನಿಂದ 10 ಕಿಲೊಮೀಟರ್ ಒಳಗಿನ ಭಟ್ಟಿಗೆ ಝಿಗ್‌ಝಾಗ್ ಪದ್ಧತಿಗೆ (ಬಿಸಿ ಗಾಳಿ ಸೊಟ್ಟ ದಾರಿಲೆ ಹೋಗೂಹಂಗ ಇಟ್ಟಂಗಿ ಜೋಡಿಸೂದು) ಬದಲಾಗೂ ಗಡುವು ಉಳದವ್ರಿಗಿಂತ ಒಂದು ವರ್ಷ ಮೊದಲ ಇಟ್ಟಿದ್ರು.

ವರದಾ_ದಂಡಿ

ರಸ್ತೆ ಧೂಳಿನ ಮಾತು ಉಳೀತು. 2018ರ ಜನವರಿ 25ರ ತಿದ್ದುಪಡಿ ಓದ್ರಿ, ಭಾಳ ಮಂದಿಗೆ ಗೊತ್ತಿಲ್ಲ. ಗಾಳಿ ಮಿತಿ ಮೀರಿದ ಊರುಗಳಾಗ ಕಟ್ಟಡ ಕೆಲಸಕ್ಕ ಧೂಳ ತಡೆ ಕಡ್ಡಾಯ. ಕೆಲಸದ ಜಾಗಕ್ಕ ಹೋಗೂ ದಾರಿ ಗಟ್ಟಿ ಇರಬೇಕು. ಮಣ್ಣು, ಉಸುಕು ತೆರೆದಿಡೂಹಂಗಿಲ್ಲ. ಮುಚ್ಚದ ಟ್ರಕ್ ಹೊರಗ ಬಿಡೂಹಂಗಿಲ್ಲ. ಬಯಲಾಗ ಕಲ್ಲು, ಟೈಲ್ಸ್ ಕೊರಿಯೂಹಂಗಿಲ್ಲ. ಕಟ್ಟಡದ ಎತ್ತರದ ಮೂರನೇ ಒಂದು ಭಾಗ, ಗರಿಷ್ಠ 10 ಮೀಟರ್ ತನಕ ಗಾಳಿ ತಡೆ ಪರದಿ. ಧೂಳಿಗೆ ಏನೇನು ಮಾಡೇವಿ ಅಂತ ಫಲಕ ಹಾಕಬೇಕು. ಆ ಫಲಕ ಎಷ್ಟು ಕಡೆ ನೋಡೀರಿ? ಫಲಕ ಇಲ್ಲದ್ದು ಒಂದು ಉಲ್ಲಂಘನೆ, ಫೋಟೊ ಒಂದೇ ಸಾಕು.

ನಮ್ಮ ಕಡೆ ಎರೆ ಮಣ್ಣು. ಒಣಗಿದ್ರ ಹಿಟ್ಟು. ಅಗದ ಗಟಾರದ ಮಣ್ಣು ರಸ್ತೆ ಅಂಚಿಗೆ ಬಿದ್ದು, ಗಾಡಿ ಚಾಕದಿಂದ ಪುಡಿಯಾಗಿ, ಅದೇ ಪಿಎಂ10 ಆಗ್ತದ. ನೀರಿನ ಟ್ಯಾಂಕರ್ ಹೊಡದ ನೀರು ಬ್ಯಾಸಗ್ಯಾಗ ತಾಸಿನೊಳಗ ಆರ್ತದ. ಡಾಂಬರಿನ ಅಂಚಿನಿಂದ ಗಟಾರದ ತನಕ ಫರಸಿ ಹಾಕಿ ಮುಚ್ಚಿದ್ರ ಮಾತ್ರ ಉಪಯೋಗ. ಪಾಲಿಕೆಗೆ ಅರ್ಜಿ ಕೊಡುವಾಗ "ನೀರು ಹೊಡೀರಿ" ಅಂತ ಕೇಳಬ್ಯಾಡ್ರಿ, "ಅಂಚು ಮುಚ್ಚ್ರಿ" ಅಂತ ಕೇಳ್ರಿ.

ಕಸ ಸುಡೂದಕ್ಕ ಹಸಿರು ನ್ಯಾಯಮಂಡಳಿಯ 2016ರ ಡಿಸೆಂಬರ್ ಆದೇಶ ಅದ: ಸಾದಾ ಸುಟ್ರ 5,000, ರಾಶಿ ಹಾಕಿ ಸುಟ್ರ 25,000 ರೂಪಾಯಿ.

ಮಿಶ್ರಾಕೋಟಿ_ಬೈಕ್

ಪೊಲೀಸ್ ಠಾಣೆಗೆ ಹೋಗಿ ಐಪಿಸಿ 278 (ಗಾಳಿ ಕೆಡಿಸಿದ ಅಪರಾಧ) ಹಾಕಸ್ರಿ. ಮುಗೀತು.

ಕಪ್ಪತಗುಡ್ಡ_ವಕೀಲ

ಐಪಿಸಿ ಈಗಿಲ್ಲ. ಆ ಕಲಂ ಭಾರತೀಯ ನ್ಯಾಯ ಸಂಹಿತೆಯ 280 ಆಗಿದೆ, ಗರಿಷ್ಠ ದಂಡ 1,000 ರೂಪಾಯಿ. ಅದರ ಬದಲು ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ನೋಡಿ, ಹಳೆಯ 133. ಜಿಲ್ಲಾ ಮ್ಯಾಜಿಸ್ಟ್ರೇಟರು ಅಥವಾ ಉಪವಿಭಾಗಾಧಿಕಾರಿ ಸಾರ್ವಜನಿಕ ಉಪದ್ರವ ತೆಗೆಯಲು ಷರತ್ತಿನ ಆದೇಶ ಕೊಡಬಹುದು. ಅಳತೆ, ಮಿಲಿಗ್ರಾಂ ಬೇಕಿಲ್ಲ. ಮಹಜರು, ನೆರೆಹೊರೆಯವರ ಹೇಳಿಕೆ ಸಾಕು. ಪಕ್ಕದ ಚುರುಮುರಿ ಭಟ್ಟಿಯಂಥ ಸಣ್ಣ ಘಟಕಕ್ಕೆ ಇದೇ ಹತ್ತಿರದ ದಾರಿ.

ದೊಡ್ಡದಕ್ಕೆ ಹಸಿರು ನ್ಯಾಯಮಂಡಳಿ. ನಮಗೆ ಚೆನ್ನೈನ ದಕ್ಷಿಣ ಪೀಠ. 2010ರ ಕಾಯ್ದೆಯ 14ನೇ ಕಲಂ ಅಡಿ ಕಾರಣ ಹುಟ್ಟಿದ 6 ತಿಂಗಳೊಳಗೆ, ಸಕಾರಣ ಇದ್ದರೆ ಇನ್ನು 60 ದಿನ. ಪರಿಹಾರ ಕೇಳುವ 15ನೇ ಕಲಮಿಗೆ 5 ವರ್ಷ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಮಂಡಳಿ ಸುಮ್ಮನೆ ಕೂತಿದೆ ಎನ್ನುವುದೇ ದೂರಾದರೆ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್. ಎರಡಕ್ಕೂ ಮೊದಲು ಮಂಡಳಿಗೆ ಕೊಟ್ಟ ಮನವಿ, ಅದರ ಸ್ವೀಕೃತಿ ಮೊಹರು ಕೈಯಲ್ಲಿರಬೇಕು.

ಹಾಗಾಗಿ ಅನುಕ್ರಮ: ಮೊದಲು ಮಾಹಿತಿ ಹಕ್ಕಿನಲ್ಲಿ ಸಮ್ಮತಿ ಪತ್ರ, ನಂತರ ಷರತ್ತಿನ ಸಂಖ್ಯೆ ಹಾಕಿ ಧಾರವಾಡದ ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿಗೆ ದೂರು, ಉತ್ತರ ಬಾರದಿದ್ದರೆ ನಮೂನೆ 1 ಅಥವಾ ಚೆನ್ನೈ. ಮೂರು ವಿಷಯಕ್ಕೆ ಮೂರು ಕಾಗದ. ಒಂದೇ ಕಾಗದದಲ್ಲಿ ಬರೆದರೆ ಪಾಲಿಕೆ ಮಂಡಳಿಯನ್ನು ತೋರಿಸುತ್ತದೆ, ಮಂಡಳಿ ಪಾಲಿಕೆಯನ್ನು.

ಗೋಕುಲರೋಡ್_ಗಾಳಿ

ಮಾಹಿತಿ ಹಕ್ಕಿನ ಅರ್ಜಿ ಬರದೇನಿ, ತಿದ್ದಿ ಕೊಡ್ರಿ:

"ವಿಷಯ: ಸದರಿ ಫೌಂಡ್ರಿ ಘಟಕದ ಸಮ್ಮತಿ. 1. ಚಾಲ್ತಿಯಲ್ಲಿರುವ ಕಾರ್ಯಾಚರಣೆ ಸಮ್ಮತಿ ಪತ್ರದ ದೃಢೀಕೃತ ಪ್ರತಿ, ಎಲ್ಲ ಷರತ್ತುಗಳ ಸಮೇತ. 2. ಕಳೆದ 3 ವರ್ಷಗಳ ಚಿಮಣಿ ಮಾಪನ ವರದಿಗಳ ಪ್ರತಿ. 3. ಅದೇ ಅವಧಿಯ ತಪಾಸಣಾ ವರದಿ, ನೋಟಿಸ್‌ಗಳ ಪ್ರತಿ. 4. ರಾತ್ರಿ ಹೊಗೆ ಬಿಡುತ್ತಿದ್ದರೂ ಯಾಕೆ ಕ್ರಮ ಕೈಗೊಂಡಿಲ್ಲ? 5. ಪಕ್ಕದ ಖಡಿ ಮಷೀನಿನ ಪರವಾನಗಿ ಪ್ರತಿ."

ಕಪ್ಪತಗುಡ್ಡ_ವಕೀಲ

4 ಮತ್ತು 5 ಹೊಡೆದು ಹಾಕಿ. "ಯಾಕೆ" ಎನ್ನುವುದು ದಾಖಲೆ ಅಲ್ಲ, ಆ ಒಂದು ಸಾಲಿನ ನೆಪದಲ್ಲಿ ಉಳಿದದ್ದನ್ನೂ ತಳ್ಳುತ್ತಾರೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಖಡಿ ಮಷೀನಿಗೆ ಬೇರೆ ಅರ್ಜಿ, ಬೇರೆ 10 ರೂಪಾಯಿ.

ಚಿಮಣಿ_ಮಾಪಕ

2ನೇ ಅಂಶದಾಗ "ಕ್ಷೇತ್ರ ದತ್ತಾಂಶ ಹಾಳೆ ಸಮೇತ" ಅಂತ ಸೇರಸ್ರಿ. ಡೈಆಕ್ಸೈಡ್ ಶೇಕಡಾ, ನಳಿಗಿ ವ್ಯಾಸ, ಶುರು-ಮುಗಿದ ಸಮಯ ಎಲ್ಲಾ ಆ ಹಾಳ್ಯಾಗ ಇರ್ತಾವು. ಬರೇ ಫಲಿತಾಂಶದ ಪುಟ ಕೊಟ್ರ ಏನೂ ತಿಳಿಯೂದಿಲ್ಲ.

ಬ್ಯಾಗ್‌ಫಿಲ್ಟರ್_ಬಸು

3ರಾಗ "ತಪಾಸಣೆ ವೇಳೆ ದಾಖಲಿಸಿದ ನಿಯಂತ್ರಣ ಸಾಧನದ ವಿದ್ಯುತ್ ಮೀಟರ್ ರೀಡಿಂಗ್" ಅಂತನೂ ಹಾಕ್ರಿ. ಎರಡು ತಪಾಸಣೆ ನಡುವಿನ ರೀಡಿಂಗ್ ಕಳದ್ರ ಸಾಕು.

ಗೋಕುಲರೋಡ್_ಗಾಳಿ

ತಿದ್ದಿದೆ. ಎಣಿಸಿದ್ರ 150 ಪದದೊಳಗೇ ಐತಿ. ನಾಳೆ ಪೋಸ್ಟಲ್ ಆರ್ಡರ್ ಹಚ್ಚಿ ಕಳಸ್ತೇವಿ, 30 ದಿನ ಆದ ಮ್ಯಾಲ ಇಲ್ಲೇ ಹಾಕ್ತೇನಿ.